ಎಕ್ಸ್-2 ವೀಸಾದಲ್ಲಿ ಹೋಗಿ ಅಲ್ಲೇ ಬದಲಾಯಿಸಿಕೊಳ್ಳಬಹುದೇ? ಚೀನೀ ಕಲಿಯಲು ಹೊರಟವರ ಕಾಗದಪತ್ರಗಳ ಬಗ್ಗೆ

ಪ್ರಶ್ನೆ: ನನಗೆ 24 ವರ್ಷ. ಬಿ.ಕಾಂ. ಮುಗಿಸಿ ಆಮದು-ರಫ್ತು ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಆನ್‌ಲೈನ್ ತರಗತಿಯಲ್ಲಿ ಚೀನೀ ಕಲಿತು ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ಎರಡನೇ ಹಂತ ಪಾಸಾಗಿದ್ದೇನೆ. ಸೆಪ್ಟೆಂಬರ್‌ನಿಂದ ಒಂದು ವರ್ಷ ಚೀನಾದ ವಿಶ್ವವಿದ್ಯಾಲಯವೊಂದರಲ್ಲಿ ಭಾಷಾ ಕೋರ್ಸ್ ಮಾಡಬೇಕೆಂದಿದ್ದೇನೆ. ಏಜೆಂಟರು "ಒಂದು ವರ್ಷದ ವೀಸಾಕ್ಕೆ ಕಾಗದ ಜಾಸ್ತಿ, ಮೆಡಿಕಲ್ ಬೇಕು, ರಿಜೆಕ್ಟ್ ಆಗುತ್ತೆ. ಕಡಿಮೆ ಅವಧಿಯ ಎಕ್ಸ್-2 ತಗೊಂಡು ಹೋಗಿ, ಅಲ್ಲೇ ಕನ್ವರ್ಟ್ ಮಾಡಿಸೋಣ. ಖರ್ಚಿಗೆ ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಬಹುದು" ಎನ್ನುತ್ತಾರೆ. ದೀರ್ಘ ಅವಧಿಯ ಓದಿನ ಎಕ್ಸ್-1 ಸಿಕ್ಕ ನನ್ನ ಗೆಳತಿಯ ವೀಸಾದಲ್ಲಿ ಉಳಿಯುವ ಅವಧಿ "000" ದಿನ ಎಂದಿದೆ. ಅದನ್ನು ನೋಡಿ ಇನ್ನಷ್ಟು ಗಾಬರಿಯಾಗಿದೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇನಿಷಿಯಲ್. ಪದವಿ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ (ಒಪ್ಪಂದದ ಸದಸ್ಯ ದೇಶಗಳು ಒಪ್ಪುವ ಸರ್ಕಾರಿ ದೃಢೀಕರಣ) ಸಾಕು ಎಂದು ಒಬ್ಬರು, ಸಾಲದು ಎಂದು ಇನ್ನೊಬ್ಬರು. ಅಪ್ಪ "ಇಷ್ಟೆಲ್ಲ ತಲೆನೋವು ಯಾಕೆ, ತೈವಾನ್‌ಗೆ ಹೋಗು" ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಏಜೆಂಟರ ಮಾತನ್ನೇ ಎತ್ತಿಕೊಳ್ಳೋಣ. ನಿಮ್ಮ ಉಳಿದ ಗೊಂದಲಗಳಲ್ಲಿ ಅರ್ಧ ಅಲ್ಲಿಂದಲೇ ಹುಟ್ಟಿದೆ. ಒಂದು ವರ್ಷ ಓದುವವರು ಎಕ್ಸ್-1 ವೀಸಾದಲ್ಲೇ ಹೋಗಬೇಕು. 180 ದಿನದೊಳಗಿನ ಓದಿಗೆ ಎಕ್ಸ್-2, ಅದಕ್ಕಿಂತ ಹೆಚ್ಚಿನದಕ್ಕೆ ಎಕ್ಸ್-1. ಎರಡರಲ್ಲಿ ಯಾವುದು ಸುಲಭವೋ ಅದನ್ನು ಆರಿಸಿಕೊಳ್ಳುವ ಹಾಗಿಲ್ಲ. ಎಷ್ಟು ದಿನ ಓದುತ್ತೀರಿ ಎಂಬುದೇ ಅದನ್ನು ತೀರ್ಮಾನಿಸುತ್ತದೆ.

ಏಜೆಂಟರು ಎಕ್ಸ್-2 ಕಡೆಗೆ ವಾಲಲು ಕಾರಣವಿದೆ. ಅದಕ್ಕೆ ಮುಖ್ಯವಾಗಿ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಇದ್ದರೆ ಆಯಿತು. ಎಕ್ಸ್-1ಕ್ಕೆ ಪ್ರವೇಶ ಪತ್ರದ ಜೊತೆಗೆ ಇನ್ನೊಂದು ಹಾಳೆ, ವಿದ್ಯಾರ್ಥಿ ವೀಸಾಕ್ಕೆಂದೇ ಇರುವ ಸರ್ಕಾರಿ ನಮೂನೆ, ಬೇಕು. ಸ್ವಂತ ಖರ್ಚಿನಲ್ಲಿ ಓದುವವರಿಗೆ ಅದು ಜೆಡಬ್ಲ್ಯು 202, ಚೀನಾ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕವರಿಗೆ ಜೆಡಬ್ಲ್ಯು 201. ಅದು ಸರ್ಕಾರಿ ವ್ಯವಸ್ಥೆಯ ಮೂಲಕ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿಂದ ನಿಮಗೆ ತಲುಪುತ್ತದೆ. ಏಜೆಂಟರ ಕೈಯಲ್ಲಿ ತಯಾರಾಗುವ ಕಾಗದ ಅದಲ್ಲ. ಅದಕ್ಕಾಗಿ ಕಾಯಬೇಕು, ಅದರಲ್ಲಿ ತಪ್ಪು ಬಂದರೆ ವಿಶ್ವವಿದ್ಯಾಲಯಕ್ಕೆ ಬರೆದು ತಿದ್ದಿಸಬೇಕು. ಇದು ಬೇಸರದ ಕೆಲಸ, ನಿಜ. ಆದರೆ ಅವರ ಬೇಸರ ತಪ್ಪಿಸಲು ನೀವು ಅಪಾಯ ಹೊರಬೇಕಾಗಿಲ್ಲ.

"ಅಲ್ಲೇ ಕನ್ವರ್ಟ್" ಎಂಬುದು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಜನರನ್ನು ಸಿಕ್ಕಿಸುತ್ತದೆ. ಒಂದು ಅವಧಿಗೆ (ಸೆಮಿಸ್ಟರ್‌ಗೆ) ಎಕ್ಸ್-2ರಲ್ಲಿ ಹೋಗಿ, ಮುಂದಿನ ಅವಧಿಗೆ ಹೊಸ ಪ್ರವೇಶ ಪತ್ರ ಮತ್ತು ಜೆಡಬ್ಲ್ಯು 202 ಪಡೆದು, ಅಲ್ಲಿನ ಪೊಲೀಸ್ ಇಲಾಖೆಯ ಆಗಮನ-ನಿರ್ಗಮನ ಕಚೇರಿಯಲ್ಲಿ ಅರ್ಜಿ ಹಾಕಿ ಉಳಿದುಕೊಂಡವರು ಇದ್ದಾರೆ. ಅದೇ ಕಾಗದಗಳನ್ನು ಹಿಡಿದು ಬೇರೆ ಊರಿನ ಕಚೇರಿಗೆ ಹೋಗಿ, "ನಿಮ್ಮ ದೇಶಕ್ಕೆ ವಾಪಸ್ ಹೋಗಿ ಎಕ್ಸ್-1 ಮಾಡಿಸಿಕೊಂಡು ಬನ್ನಿ" ಎನ್ನಿಸಿಕೊಂಡವರೂ ಇದ್ದಾರೆ. ಕೊಡುವುದು, ಬಿಡುವುದು ಆ ಕಚೇರಿಗೆ ಬಿಟ್ಟದ್ದು. ಎಕ್ಸ್-2 ವಿಸ್ತರಣೆಗೂ ಮಿತಿ ಇದೆ: ಎಷ್ಟು ಸಲ ವಿಸ್ತರಿಸಿದರೂ ಒಟ್ಟು ಸೇರಿಸಿದ ದಿನಗಳು ಮೂಲ ವೀಸಾದಲ್ಲಿ ಬರೆದ ದಿನಗಳನ್ನು ಮೀರುವಂತಿಲ್ಲ, ಅರ್ಜಿಯನ್ನು ಉಳಿಯುವ ಅವಧಿ ಮುಗಿಯುವ 7 ದಿನ ಮೊದಲೇ ಕೊಡಬೇಕು. ಜನವರಿಯಲ್ಲಿ ಪರೀಕ್ಷೆ ಬರೆಯುತ್ತಾ, ಚಳಿಗಾಲದ ರಜೆಗೆ ಕಚೇರಿಗಳು ಬಾಗಿಲು ಹಾಕುವ ಹೊತ್ತಿಗೆ ಇದರ ಹಿಂದೆ ಓಡುವುದನ್ನು ಯೋಚಿಸಿ ನೋಡಿ. ಒಂದೇ ಅವಧಿ ಓದಿ ನೋಡೋಣ, ಇಷ್ಟವಾಗದಿದ್ದರೆ ಬಂದುಬಿಡೋಣ ಎಂಬುದು ನಿಜವಾಗಿ ನಿಮ್ಮ ಮನಸ್ಸಿನಲ್ಲಿದ್ದರೆ ಎಕ್ಸ್-2 ಸರಿಯಾದ ವೀಸಾ. ಒಂದು ವರ್ಷ ಎಂದು ತೀರ್ಮಾನ ಮಾಡಿದವರಿಗೆ ಅಲ್ಲ.

"ರಿಜೆಕ್ಟ್ ಆಗುತ್ತೆ" ಎಂಬ ಹೆದರಿಕೆಗೆ ಬರೋಣ. ಚೀನಾದ ಆಗಮನ-ನಿರ್ಗಮನ ಕಾನೂನು 2013ರ ಜುಲೈ 1ರಿಂದ ಜಾರಿಯಲ್ಲಿದೆ. ವೀಸಾ ನಿರಾಕರಿಸಿದರೆ ಕಾರಣ ಹೇಳಲೇಬೇಕೆಂಬ ಕಟ್ಟುಪಾಡು ಅದರಲ್ಲಿ ಇಲ್ಲ. ಆದರೆ ಯಾವ ಸಂದರ್ಭದಲ್ಲಿ ವೀಸಾ ಕೊಡಬಾರದು ಎಂಬ ಪಟ್ಟಿ ಇದೆ. ಅರ್ಜಿಯಲ್ಲಿ ಸುಳ್ಳು ಹೇಳಿದವರು ಮತ್ತು ಅಲ್ಲಿದ್ದಷ್ಟು ಕಾಲದ ಖರ್ಚು ಭರಿಸಲಾಗದವರು ಆ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲೇ ಬರುತ್ತಾರೆ. ಒಂದು ವರ್ಷ ಓದಲು ಹೊರಟು ಆರು ತಿಂಗಳು ಎಂದು ಬರೆಯುವುದು, ಅರ್ಜಿಯ ಹಿಂದಿನ ವಾರ ಯಾರದೋ ದುಡ್ಡನ್ನು ಖಾತೆಗೆ ಹಾಕಿಸಿ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯುವುದು, ಬಿಟ್ಟ ಕೆಲಸವನ್ನು ಇನ್ನೂ ಮಾಡುತ್ತಿದ್ದೇನೆ ಎನ್ನುವುದು, ಇವೆಲ್ಲ ಆ ಪಟ್ಟಿಗೆ ನೀವಾಗಿಯೇ ಹೆಸರು ಕೊಟ್ಟ ಹಾಗೆ. ಅಪ್ಪನ ಆರು ತಿಂಗಳ ಸಂಬಳದ ಖಾತೆ, ಮಗಳ ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂಬ ಅವರ ಪತ್ರ: ದೊಡ್ಡ ಮೊತ್ತಕ್ಕಿಂತ ಇದೇ ನಂಬಿಕೆ ಹುಟ್ಟಿಸುತ್ತದೆ. ಕಾಗದ ಸರಿ ಇದ್ದ ಭಾಷಾ ವಿದ್ಯಾರ್ಥಿಗಳ ಅರ್ಜಿ ಸುಮ್ಮನೆ ತಿರಸ್ಕೃತವಾದದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಬಹುಪಾಲು ಅರ್ಜಿಗಳು ಸಣ್ಣ ವ್ಯತ್ಯಾಸಕ್ಕೆ ವಾಪಸ್ ಬರುತ್ತವೆ, ತಿದ್ದಿಕೊಟ್ಟರೆ ಮುಂದೆ ಹೋಗುತ್ತವೆ.

ಆ ಸಣ್ಣ ವ್ಯತ್ಯಾಸಗಳಲ್ಲಿ ಮೊದಲನೆಯದು ಹೆಸರು. ನಮ್ಮ ಕಡೆಯವರಿಗೆ ಇದು ಮಾಮೂಲಿ ಪೀಡೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಚೀನಾದ ಮಟ್ಟಿಗೆ ನಿಮ್ಮ ಹೆಸರು ಎಂದರೆ ಪಾಸ್‌ಪೋರ್ಟ್‌ನಲ್ಲಿ ಇರುವುದು ಮಾತ್ರ. ವಿಶ್ವವಿದ್ಯಾಲಯದ ಆನ್‌ಲೈನ್ ಅರ್ಜಿ ಸರ್‌ನೇಮ್ ಇಲ್ಲದೆ ಮುಂದೆ ಹೋಗದಿದ್ದರೆ ನೀವೇ ಒಂದು ಹೆಸರು ಸೃಷ್ಟಿಸಿ ತುಂಬಬೇಡಿ. ಅಪ್ಪನ ಹೆಸರನ್ನೂ ಸೇರಿಸಬೇಡಿ. ಅಲ್ಲಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಪಾಸ್‌ಪೋರ್ಟ್‌ನ ಪ್ರತಿ ಕಳಿಸಿ "ಹೇಗೆ ತುಂಬಲಿ" ಎಂದು ಕೇಳಿ, ಅವರು ಹೇಳಿದ ಹಾಗೆಯೇ ಪ್ರವೇಶ ಪತ್ರ, ಜೆಡಬ್ಲ್ಯು 202, ವೀಸಾ ಅರ್ಜಿ, ವಿಮಾನದ ಟಿಕೆಟ್ ಎಲ್ಲದರಲ್ಲೂ ಒಂದೇ ರೀತಿ ಇಟ್ಟುಕೊಳ್ಳಿ. ಅಂಕಪಟ್ಟಿಯ ಇನಿಷಿಯಲ್‌ಗೆ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಜೆಡಬ್ಲ್ಯು 202 ಕೈಗೆ ಬಂದ ದಿನ ಅದನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಪಾಸ್‌ಪೋರ್ಟ್ ತೆರೆದಿಟ್ಟು ಅಕ್ಷರ ಅಕ್ಷರ ಓದಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಓದಿನ ಆರಂಭ ಮತ್ತು ಮುಕ್ತಾಯ, ವಿಶ್ವವಿದ್ಯಾಲಯಕ್ಕೆ ಹಾಜರಾಗಬೇಕಾದ ಕೊನೆಯ ದಿನ. ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿ ಹೊಸ ಸಂಖ್ಯೆ ಪಡೆದು, ಹಳೆಯ ಸಂಖ್ಯೆಯಿರುವ ಜೆಡಬ್ಲ್ಯು ಹಿಡಿದು ವೀಸಾ ಕೇಂದ್ರಕ್ಕೆ ಹೋಗಿ ಬರಿಗೈಲಿ ಬಂದವರನ್ನು ಪ್ರತಿ ವರ್ಷ ಕಾಣುತ್ತೇನೆ. ನಿಮ್ಮ ಪಾಸ್‌ಪೋರ್ಟ್ ಒಂದೆರಡು ವರ್ಷದಲ್ಲಿ ಮುಗಿಯುವಂತಿದ್ದರೆ ನವೀಕರಣ ಮುಗಿಸಿಯೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ.

ಮೆಡಿಕಲ್ ಬಗ್ಗೆ ಇರುವ ಭಯ ಅದರ ಯೋಗ್ಯತೆಗಿಂತ ದೊಡ್ಡದು. ವಿದೇಶಿಯರ ದೈಹಿಕ ಪರೀಕ್ಷೆಯ ನಮೂನೆ ಎಂಬ ಎರಡು ಪುಟದ ಫಾರಂ ಅದು. ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಇಸಿಜಿ, ಕಣ್ಣು, ರಕ್ತದೊತ್ತಡ ಇವುಗಳದ್ದೇ ಹೆಚ್ಚಿನ ಭಾಗ. ಫಾರಂ ತಿರಸ್ಕೃತವಾಗುವುದು ಕಾಯಿಲೆಗಿಂತ ಹೆಚ್ಚಾಗಿ ಗುಮಾಸ್ತಿಕೆಯ ದೋಷಕ್ಕೆ. ಫೋಟೊದ ಮೇಲೆ ಆಸ್ಪತ್ರೆಯ ಮೊಹರು ಬೀಳಬೇಕು: ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ. ನಮ್ಮ ಡಾಕ್ಟರುಗಳು ಕೊನೆಯಲ್ಲಿ ಸಹಿಯ ಪಕ್ಕ ಒಂದು ಮೊಹರು ಒತ್ತಿ ಕಳಿಸಿಬಿಡುತ್ತಾರೆ, ಫೋಟೊ ಬೋಳಾಗಿಯೇ ಉಳಿಯುತ್ತದೆ. ಯಾವ ಅಂಕಣವನ್ನೂ ಖಾಲಿ ಬಿಡಬಾರದು. ಸಮಸ್ಯೆ ಇಲ್ಲದಿದ್ದರೂ "ಇಲ್ಲ" ಎಂದೇ ಬರೆಸಬೇಕು. ರಕ್ತಪರೀಕ್ಷೆ, ಎಕ್ಸ್‌ರೇಗಳ ಮೂಲ ವರದಿಗಳನ್ನು ಜೊತೆಗಿಟ್ಟುಕೊಳ್ಳಿ. ಚೀನಾ ತಲುಪಿದ ಮೇಲೆ ಅಲ್ಲಿನ ಆರೋಗ್ಯ ಕೇಂದ್ರ ಈ ಫಾರಂ ಪರಿಶೀಲಿಸುತ್ತದೆ. ಒಪ್ಪದಿದ್ದರೆ ಕೆಲವು ಪರೀಕ್ಷೆಗಳನ್ನು ಅಲ್ಲೇ ದುಡ್ಡು ಕಟ್ಟಿ ಮತ್ತೆ ಮಾಡಿಸಬೇಕಾಗುತ್ತದೆ, ಅಷ್ಟೇ.

ಇದರಲ್ಲಿ ಲೆಕ್ಕ ಹಾಕಬೇಕಾದದ್ದು ತಾರೀಖು. ವರದಿಗೆ ಆರು ತಿಂಗಳ ಆಯುಷ್ಯ. ಉತ್ಸಾಹದಲ್ಲಿ ಫೆಬ್ರವರಿಯಲ್ಲೇ ಮಾಡಿಸಿದರೆ ಆಗಸ್ಟ್‌ಗೆ ಸತ್ತುಹೋಗುತ್ತದೆ, ನಿಮಗೆ ಬೇಕಾದದ್ದು ಸೆಪ್ಟೆಂಬರ್‌ನಲ್ಲಿ. ವಿಶ್ವವಿದ್ಯಾಲಯ ಅರ್ಜಿಯ ಜೊತೆಗೇ ಕೇಳದಿದ್ದರೆ ಮೇ ಅಥವಾ ಜೂನ್‌ನಲ್ಲಿ ಮಾಡಿಸಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳುವ ವಿಶ್ವವಿದ್ಯಾಲಯಗಳೂ ಹೆಚ್ಚಿವೆ. ಅದನ್ನು ಪಾಸ್‌ಪೋರ್ಟ್ ಕಚೇರಿಯ ಮೂಲಕವೇ ಪಡೆಯಬೇಕು, ಅದಕ್ಕೂ ಇದೇ ರೀತಿ ತಾರೀಖು ನೋಡಿಕೊಳ್ಳಿ.

ಅಪೋಸ್ಟಿಲ್ ವಿಚಾರದಲ್ಲಿ ನಿಮಗೆ ಹೇಳಿದ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಚೀನಾ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2023ರ ನವೆಂಬರ್ 7ರಿಂದ ಜಾರಿಗೆ ಬಂತು. ಭಾರತ ಬಹಳ ಹಿಂದೆಯೇ ಅದರ ಸದಸ್ಯ. ಎರಡೂ ದೇಶ ಸದಸ್ಯರಾದ ಮೇಲೆ ಅಪೋಸ್ಟಿಲ್ ಸಾಕಲ್ಲ ಎಂಬುದು ಸಹಜ ತರ್ಕ. ಆದರೆ ಚೀನಾ ಸೇರಿದಾಗ ಭಾರತ ಆಕ್ಷೇಪಣೆ ಎತ್ತಿದ್ದರಿಂದ ಈ ಎರಡು ದೇಶಗಳ ನಡುವೆ ಮಾತ್ರ ಒಪ್ಪಂದ ಜಾರಿಗೆ ಬರಲಿಲ್ಲ. ಹಾಗಾಗಿ ದೃಢೀಕೃತ ಪ್ರಮಾಣಪತ್ರವೇ ಬೇಕೆಂದು ವಿಶ್ವವಿದ್ಯಾಲಯ ಕೇಳಿದರೆ ಹಳೆಯ ದಾರಿ: ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಚೀನಾ ರಾಯಭಾರ ಅಥವಾ ಕಾನ್ಸುಲೇಟ್‌ನದ್ದು. ಸಮಾಧಾನದ ಮಾತೆಂದರೆ ಭಾಷಾ ಕೋರ್ಸ್‌ಗೆ ಇಷ್ಟು ಕೇಳುವುದು ಅಪರೂಪ. ಪದವಿ, ಸ್ನಾತಕೋತ್ತರಗಳಿಗೆ ಹೆಚ್ಚು. ಹೆಚ್ಚಿನ ಕಡೆ ಇಂಗ್ಲಿಷ್ ಪ್ರಮಾಣಪತ್ರದ ನೋಟರಿ ಪ್ರತಿ ನಡೆಯುತ್ತದೆ. ಕೇಳದ ದೃಢೀಕರಣಕ್ಕೆ ದುಡ್ಡು ಸುರಿಯಬೇಡಿ, ಏಜೆಂಟರ ಬಿಲ್ಲಿನಲ್ಲಿ ಈ ಸಾಲು ಇದೆಯೇ ನೋಡಿ. ಎಚ್‌ಎಸ್‌ಕೆ ಕೂಡ ಸ್ವಂತ ಖರ್ಚಿನ ಭಾಷಾ ಕೋರ್ಸ್‌ಗೆ ಸಾಮಾನ್ಯವಾಗಿ ಕಡ್ಡಾಯವಲ್ಲ, ತರಗತಿಯ ಮಟ್ಟ ನಿರ್ಧರಿಸಲು ಅವರೇ ಒಂದು ಪರೀಕ್ಷೆ ಮಾಡುತ್ತಾರೆ. ನಿಮ್ಮ ಎರಡನೇ ಹಂತದ ಪ್ರಮಾಣಪತ್ರ ಇದ್ದರೆ ಒಳ್ಳೆಯದೇ, ಲಗತ್ತಿಸಿ.

ಈಗ "000". ಇದಕ್ಕೆ ಗಾಬರಿಯಾಗದ ಮನೆಯೇ ಇಲ್ಲ. ಎಕ್ಸ್-1 ವೀಸಾ ಚೀನಾದ ಬಾಗಿಲು ತೆರೆಯಲು ಮಾತ್ರ. ಅಲ್ಲಿ ವರ್ಷವಿಡೀ ಇರಲು ಅನುಮತಿ ಕೊಡುವುದು ಬೇರೆಯೇ ಕಾಗದ, ರೆಸಿಡೆನ್ಸ್ ಪರ್ಮಿಟ್. ಅದಕ್ಕೇ ಉಳಿಯುವ ದಿನಗಳ ಜಾಗದಲ್ಲಿ ಸೊನ್ನೆಗಳು. ಒಳಗೆ ಹೋದ 30 ದಿನದೊಳಗೆ ಪರ್ಮಿಟ್‌ಗೆ ಅರ್ಜಿ ಹಾಕಬೇಕು ಎಂಬುದು ಅದರ ಅರ್ಥ. ಇನ್ನೊಂದು ಸಾಲಿನಲ್ಲಿರುವ ತಾರೀಖನ್ನು ಕೆಲವರು ವೀಸಾ ಮುಗಿಯುವ ದಿನ ಎಂದುಕೊಳ್ಳುತ್ತಾರೆ. ಅದು ಚೀನಾದ ಒಳಗೆ ಕಾಲಿಡಬೇಕಾದ ಕೊನೆಯ ದಿನ.

ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಎಡವುವುದು ವೀಸಾ ಕೇಂದ್ರದಲ್ಲಲ್ಲ, ಈ ಮೊದಲ ತಿಂಗಳಿನಲ್ಲಿ. ಅದರ ಗಡಿಯಾರ ವಿಮಾನ ಇಳಿದ ದಿನವೇ ಓಡಲು ಶುರುವಾಗುತ್ತದೆ. ಹೋಟೆಲ್‌ನಲ್ಲಿ ಇಳಿದರೆ ಪೊಲೀಸ್ ನೋಂದಣಿಯನ್ನು ಅವರೇ ಮಾಡುತ್ತಾರೆ. ಹೋಟೆಲ್ ಅಲ್ಲದ ಕಡೆ, ಬಾಡಿಗೆ ಮನೆಯೋ ಪರಿಚಯದವರ ಮನೆಯೋ, ಅಲ್ಲಿ ಇಳಿದುಕೊಂಡ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಿ ತಾತ್ಕಾಲಿಕ ವಾಸದ ನೋಂದಣಿ ಮಾಡಿಸಬೇಕು. ತಪ್ಪಿದರೆ ಎಚ್ಚರಿಕೆ, ಮೇಲೆ 2,000 ಯುವಾನ್‌ವರೆಗೆ ದಂಡ ಹಾಕಬಹುದು. ಒಬ್ಬ ಹುಡುಗ ಹಾಸ್ಟೆಲ್ ತೆರೆಯುವ ಮುಂಚೆ ಹೋಗಿ ಸ್ನೇಹಿತನ ಫ್ಲ್ಯಾಟ್‌ನಲ್ಲಿ ಮೂರು ರಾತ್ರಿ ಇದ್ದ. ಹಾಸ್ಟೆಲ್ ನೋಂದಣಿಯ ತಾರೀಖಿಗೂ ಪಾಸ್‌ಪೋರ್ಟ್‌ನ ಪ್ರವೇಶ ಮೊಹರಿಗೂ ನಡುವಿನ ಆ ಮೂರು ರಾತ್ರಿ ಎಲ್ಲಿದ್ದೆ ಎಂದು ಪರ್ಮಿಟ್ ಕಚೇರಿಯಲ್ಲಿ ಕೇಳಿದಾಗ ಅವನ ಬಳಿ ತೋರಿಸಲು ಏನೂ ಇರಲಿಲ್ಲ. ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಎಲ್ಲರಿಗೂ ಹಾಗೇ ಆಗುತ್ತದೆ ಎನ್ನಲಾಗದು. ಹಾಸ್ಟೆಲ್ ತೆರೆಯುವ ದಿನಕ್ಕೇ ಟಿಕೆಟ್ ಮಾಡಿಸಿ.

ಆಮೇಲೆ ವಿಶ್ವವಿದ್ಯಾಲಯದಲ್ಲಿ ಹಾಜರಿ, ಶುಲ್ಕ, ಅಲ್ಲಿನ ಕಡ್ಡಾಯ ಆರೋಗ್ಯ ವಿಮೆ, ಆರೋಗ್ಯ ಕೇಂದ್ರದ ಪರಿಶೀಲನೆ. ಇವೆಲ್ಲದರ ಕಾಗದ ಸೇರಿದ ಮೇಲೆ ಪರ್ಮಿಟ್ ಅರ್ಜಿ. ಒಂದು ವರ್ಷದೊಳಗಿನ ಪರ್ಮಿಟ್‌ಗೆ ಶುಲ್ಕ 400 ಯುವಾನ್. ಕಚೇರಿ 15 ದಿನದವರೆಗೆ ಸಮಯ ತೆಗೆದುಕೊಳ್ಳಬಹುದು, ಅಷ್ಟು ದಿನ ಪಾಸ್‌ಪೋರ್ಟ್ ಅವರ ಬಳಿ, ನಿಮ್ಮ ಕೈಯಲ್ಲಿ ರಸೀದಿ. ಎಕ್ಸ್-1 ಸಾಮಾನ್ಯವಾಗಿ ಒಂದೇ ಪ್ರವೇಶದ್ದು. ಪರ್ಮಿಟ್ ಸಿಗುವ ಮೊದಲು ವಾರಾಂತ್ಯಕ್ಕೆಂದು ಹಾಂಗ್‌ಕಾಂಗ್‌ಗೆ ಹೋದರೂ ಅದು ಮುಖ್ಯ ಚೀನಾದಿಂದ ಹೊರಹೋದ ಲೆಕ್ಕ, ವಾಪಸ್ ಬರಲು ವೀಸಾ ಇರುವುದಿಲ್ಲ. ಪರ್ಮಿಟ್ ಸಿಕ್ಕಮೇಲೆ ಅದರ ಅವಧಿಯಲ್ಲಿ ಹೋಗಿ ಬರಲು ಅಡ್ಡಿಯಿಲ್ಲ. ವಿಳಾಸವೋ ಪಾಸ್‌ಪೋರ್ಟೋ ಬದಲಾದರೆ 10 ದಿನದೊಳಗೆ ತಿಳಿಸಬೇಕು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಯುವಾನ್‌ನಂತೆ ಒಟ್ಟು 10,000ದವರೆಗೆ ದಂಡ, ಇಲ್ಲವೇ 5ರಿಂದ 15 ದಿನ ಬಂಧನ.

ಮಕ್ಕಳಿಗೆ ಇಂಗ್ಲಿಷ್ ಪಾಠದ ಮಾತನ್ನು ನಾನು ಇಲ್ಲಿವರೆಗೆ ಮುಂದೂಡಿದೆ, ಏಕೆಂದರೆ ನಿಮ್ಮ ಏಜೆಂಟರು ಹೇಳಿದ್ದರಲ್ಲೆಲ್ಲ ಅಪಾಯಕಾರಿ ಇದು. ವಿದ್ಯಾರ್ಥಿಯಾಗಿ ಹೋದವರು ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು, ಪರ್ಮಿಟ್‌ನಲ್ಲಿ ಅದನ್ನು ನಮೂದಿಸಿಕೊಂಡರೆ ಮಾತ್ರ ಅರೆಕಾಲಿಕ ಕೆಲಸ ಮಾಡಬಹುದು. ಇಲ್ಲದಿದ್ದರೆ ಅದು ಅಕ್ರಮ ಉದ್ಯೋಗ. 5,000ದಿಂದ 20,000 ಯುವಾನ್ ದಂಡ, ಗಂಭೀರ ಪ್ರಕರಣವಾದರೆ ಬಂಧನವೂ ಸೇರುತ್ತದೆ. ವಾಪಸ್ ಕಳಿಸಿದರೆ 1ರಿಂದ 5 ವರ್ಷ ಚೀನಾಕ್ಕೆ ಕಾಲಿಡುವಂತಿಲ್ಲ. ನೀವು ಆಮದು-ರಫ್ತು ಕ್ಷೇತ್ರದಲ್ಲಿರುವವರು, ಚೀನಾಕ್ಕೆ ಹೋಗಿ ಬರುವುದೇ ನಾಳೆ ನಿಮ್ಮ ಉದ್ಯೋಗವಾಗಬಹುದು. ವಾರಕ್ಕೆ ನಾಲ್ಕು ಗಂಟೆಯ ಟ್ಯೂಷನ್ ದುಡ್ಡಿಗೆ ಅದನ್ನು ಪಣಕ್ಕಿಡಬೇಡಿ. ವರ್ಷದ ಪೂರ್ತಿ ಖರ್ಚು ಮನೆಯಿಂದ ಹೊಂದಿಸಲು ಆಗದಿದ್ದರೆ ಒಂದು ಅವಧಿಗೆ ಮಾತ್ರ ಹೋಗಿ, ಇಲ್ಲವೇ ಒಂದು ವರ್ಷ ತಡೆದು ಚೀನಾ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಆ ತಡೆದ ವರ್ಷದಲ್ಲಿ ಎಚ್‌ಎಸ್‌ಕೆ ಮೂರನೇ ಹಂತ ಮುಗಿಸಿಕೊಂಡರೆ ವೇತನದ ಅರ್ಜಿಗೂ ಬಲ ಬರುತ್ತದೆ.

ಅಪ್ಪ ಹೇಳುವ ತೈವಾನ್ ಒಳ್ಳೆಯ ದಾರಿಯೇ. ತಲೆನೋವು ಇಲ್ಲ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಅಲ್ಲಿಯದು ಬೇರೆ ತಲೆನೋವು. ತೈಪೆಯಲ್ಲಿ ರಾಷ್ಟ್ರೀಯ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ ಕೇಂದ್ರ 1956ರಿಂದ ನಡೆಯುತ್ತಿದೆ, ಕಲಿಕೆಯ ಗುಣಮಟ್ಟಕ್ಕೆ ಹೆಸರಾದದ್ದು. ಭಾಷಾ ವಿದ್ಯಾರ್ಥಿಗಳಿಗೆ ಅಲ್ಲಿ ಮೊದಲು ಸಿಗುವುದು ಸಾಮಾನ್ಯವಾಗಿ ಸಂದರ್ಶಕ ವೀಸಾ. ಅದರಲ್ಲಿ ನಾಲ್ಕು ತಿಂಗಳು ಓದಿ, ಮುಂದೆ ಕನಿಷ್ಠ ಮೂರು ತಿಂಗಳಿಗೆ ಹೆಸರು ನೋಂದಾಯಿಸಿದವರು ರೆಸಿಡೆಂಟ್ ವೀಸಾಕ್ಕೆ ಅರ್ಜಿ ಹಾಕಬಹುದು. ವಾರಕ್ಕೆ 15 ಗಂಟೆ ತರಗತಿ, ಹಾಜರಿ ಕಡಿಮೆಯಾದರೆ ವಿಸ್ತರಣೆಗೆ ಕುತ್ತು. ವೀಸಾದ ಮೇಲೆ ವಿಸ್ತರಣೆ ಇಲ್ಲ ಎಂದು ನಮೂದಿಸಿದ್ದರೆ ಈ ಲೆಕ್ಕಾಚಾರವೆಲ್ಲ ಕೆಡುತ್ತದೆ, ಪಡೆಯುವಾಗಲೇ ಅದನ್ನು ನೋಡಿ. ಅಲ್ಲಿ ಬರೆಯುವುದು ಸಾಂಪ್ರದಾಯಿಕ ಲಿಪಿ. ನೀವು ಎಚ್‌ಎಸ್‌ಕೆಗೆ ಕಲಿತದ್ದು ಸರಳೀಕೃತ ಲಿಪಿ, ನಿಮ್ಮ ಕಂಪನಿಯ ವ್ಯವಹಾರ ಚೀನಾದ ಕಾರ್ಖಾನೆಗಳ ಜೊತೆಗಿದ್ದರೆ ಪತ್ರ, ಬಿಲ್ಲು ಎಲ್ಲವೂ ಸರಳೀಕೃತದಲ್ಲೇ ಬರುತ್ತವೆ. ಈ ಒಂದು ಕಾರಣಕ್ಕೆ ನಿಮ್ಮ ವಿಷಯದಲ್ಲಿ ನನ್ನ ಒಲವು ಚೀನಾದ ಕಡೆಗೆ.

ವೀಸಾ ಅರ್ಜಿಗೆ ಕರ್ನಾಟಕದವರು ಮುಂಬೈನ ಚೀನಾ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತೀರಿ. ಫೋಟೊ 33×48 ಮಿಲಿಮೀಟರ್, ಬಿಳಿ ಹಿನ್ನೆಲೆ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜ್ ಎಂದಷ್ಟೇ ಹೇಳಿದರೆ ಬೇರೆ ಅಳತೆಯದ್ದು ಸಿಗುತ್ತದೆ. ವೀಸಾ ಬಂದ ಮೇಲೆ ಪ್ರವೇಶ ಪತ್ರ, ಜೆಡಬ್ಲ್ಯು 202 ಮತ್ತು ಮೆಡಿಕಲ್ ಫಾರಂಗಳ ಮೂಲ ಪ್ರತಿ ಕೈಚೀಲದಲ್ಲಿ ಇರಲಿ, ವಿಮಾನಕ್ಕೆ ಹಾಕುವ ಸೂಟ್‌ಕೇಸ್‌ನಲ್ಲಿ ಬೇಡ. ಪರ್ಮಿಟ್ ಕಚೇರಿಯಲ್ಲಿ ಕೇಳುವುದು ಮೂಲ ಪ್ರತಿಯನ್ನೇ.

ಏಜೆಂಟರನ್ನು ಬಿಡಬೇಕೆಂದೇನೂ ಇಲ್ಲ, ಫಾರಂ ತುಂಬಲು ಅವರ ನೆರವು ಅನುಕೂಲವೇ. ಆದರೆ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಅವರ ಇಮೇಲ್ ಬದಲು ನಿಮ್ಮದೇ ಇಮೇಲ್ ಕೊಡಿ, ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ. ಹಣ ಕೊಡುವ ಮೊದಲು ಒಂದು ವರ್ಷದ ಕೋರ್ಸ್‌ಗೆ ಜೆಡಬ್ಲ್ಯು 202 ಕೊಡುತ್ತೀರಾ ಎಂದು ಆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ನೀವೇ ಎರಡು ಸಾಲು ಬರೆದು ಕೇಳಿ. ಹೌದು ಎಂದು ಉತ್ತರ ಬಂದರೆ ಎಕ್ಸ್-2ರ ಮಾತನ್ನು ಏಜೆಂಟರು ತಾವಾಗಿಯೇ ಬಿಡುತ್ತಾರೆ. ಕೊಡುವುದಿಲ್ಲ ಎಂದರೆ ಬೇರೆ ವಿಶ್ವವಿದ್ಯಾಲಯ ಹುಡುಕಿ. ಸೆಪ್ಟೆಂಬರ್ ಪ್ರವೇಶದ ಅರ್ಜಿಗಳನ್ನು ಹೆಚ್ಚಿನ ಕಡೆ ಬೇಸಿಗೆಯವರೆಗೂ ತೆಗೆದುಕೊಳ್ಳುತ್ತಾರೆ.